ಟಿಕೆಟ್ ಇಲ್ಲದೆ ಬೆಲ್ಟ್ ಹತ್ತಿದವಳು

ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಆಕೆ ಇಳಿಜಾರಿನ ಬುಡದಲ್ಲಿ ನಿಂತು ಬಲಗೈಯ ಗ್ಲೌಸ್ ಕಳಚಿ ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದಳು. ಬಗ್ಗಿ ಒಂದು ಹಿಡಿ ಹಿಮ ತೆಗೆದು, ಮುಷ್ಟಿ ಬಿಗಿದು, ಹಿಸುಕಿ, ಬಿಡುತ್ತಿದ್ದಳು. ಆಮೇಲೆ ಅಂಗೈಯನ್ನು ನನ್ನ ಕಡೆ ಚಾಚಿ ಒಂದೇ ಮಾತು ಹೇಳುತ್ತಿದ್ದಳು. "ಹಿಟ್ಟು ಐತ್ರಿ ಬಾಯಾರ." ಕೆಲವು ದಿನ, "ನುಚ್ಚು." ಯಾವಾಗಲೋ ಒಮ್ಮೆ, ತುಟಿ ಬಿಗಿದು, "ಕಲ್ಲು." ನಾನು ಅದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ.

ಇದು ಕಾಶ್ಮೀರದ ಮಾತಲ್ಲ. ವೈಟ್‌ಫೀಲ್ಡ್ ದಾಟಿದ ಮೇಲೆ ಸಿಗುವ ಒಂದು ಮಾಲ್‌ನ ಹಿಂಭಾಗದಲ್ಲಿರುವ ಹಿಮದ ಹಾಲ್‌ನ ಮಾತು. ಹೊರಗೆ ಧೂಳು, ನೀರಿನ ಟ್ಯಾಂಕರ್, ತಲೆ ಸುಡುವ ಬಿಸಿಲು. ಒಳಗೆ ಸೊನ್ನೆಗಿಂತ ಐದು ಡಿಗ್ರಿ ಕೆಳಗೆ. ಸಿಮೆಂಟಿನ ಇಳಿಜಾರಿನ ಮೇಲೆ ಯಂತ್ರ ಉಗುಳಿದ ಹಿಮವನ್ನು ಒಂದಡಿ ದಪ್ಪ ಹರಡಿರುತ್ತಾರೆ. ಟಿಕೆಟ್ ಕೊಂಡವರ ಕೈಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ: ಮುಕ್ಕಾಲು ಗಂಟೆ, ಆರು ಸಲ ಮೇಲಕ್ಕೆ. ಮೇಲೆ ಹೋಗುವುದಕ್ಕೆ ರಬ್ಬರಿನ ಬೆಲ್ಟ್ ಇದೆ. ಅದರ ಮೇಲೆ ನಿಂತರೆ ಸಾಕು, ಅದೇ ಕರೆದೊಯ್ಯುತ್ತದೆ. ಮೇಲಿನಿಂದ ಗಾಳಿ ತುಂಬಿದ ಟ್ಯೂಬಿನಲ್ಲಿ ಕೂತು ಕಿರುಚುತ್ತಾ ಜಾರಿ ಬರುವುದು. ನಾನು ಅಲ್ಲಿ ಸುರಕ್ಷತೆಯ ಮೇಲ್ವಿಚಾರಕಿಯಾಗಿದ್ದೆ. ಆಕೆ ಹಿಮ ಕೆರೆದು ಸಮ ಮಾಡುವವಳು.

ಆಕೆಯ ಬಗ್ಗೆ ಬರೆಯಲು ಕೂತರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟನ್ನು ಕ್ರಮವಾಗಿಯೇ ಹೇಳುತ್ತೇನೆ. ಕ್ರಮ ತಪ್ಪಿ ಏನನ್ನೂ ಮಾಡಿ ಅಭ್ಯಾಸವಿಲ್ಲ. ಪೀಣ್ಯದ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವಳು ನಾನು. ಸೈರನ್‌ಗೆ ಮೊದಲು ಒಳಗೆ, ಸೈರನ್ ಆದ ಮೇಲೆ ಹೊರಗೆ. ಪಿನ್ನು ಅಳತೆಯ ಗೇಜಿನಲ್ಲಿ ಕೂತರೆ ಪಾಸ್, ಕೂರದಿದ್ದರೆ ರಿಜೆಕ್ಟ್, ಕೆಳಗೆ ನನ್ನ ಸಹಿ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೈಕಟ್ಟಿ ಕೂರಲಾಗದೆ ಈ ಹಿಮದ ಹಾಲ್ ಸೇರಿದೆ. ಸೇರಿದ ಮೊದಲ ವಾರದಲ್ಲೇ ಹನ್ನೊಂದು ನಿಯಮ ಬರೆದು, ಲ್ಯಾಮಿನೇಟ್ ಮಾಡಿಸಿ, ಬೆಲ್ಟಿನ ಪಕ್ಕ ತೂಗುಹಾಕಿಸಿದೆ. ಏಳನೆಯ ನಿಯಮ ಹೀಗಿತ್ತು: 'ಟಿಕೆಟ್ ಇಲ್ಲದ ಯಾರೂ ಬೆಲ್ಟ್ ಹತ್ತುವಂತಿಲ್ಲ. ಸಿಬ್ಬಂದಿ ಅಂಚಿನ ಮೆಟ್ಟಿಲಲ್ಲಿ ನಡೆದು ಹತ್ತತಕ್ಕದ್ದು.'

ಅದಕ್ಕೊಂದು ಕಾರಣವಿತ್ತು. ಯಾರೋ ಕೆಲಸಗಾರ ಹಿಮ ಕೆರೆಯುವ ರೇಕ್ ಹಿಡಿದು ಬೆಲ್ಟ್ ಮೇಲೆ ನಿಂತಾಗ ಅದು ಕೈಜಾರಿ ಕೆಳಗೆ ನಿಂತಿದ್ದವರ ಕಾಲಬುಡಕ್ಕೆ ಬಂದು ಬಿದ್ದಿತ್ತು. ರೇಕ್ ಹಿಡಿದು ಹತ್ತಬಾರದು ಎಂದು ಬರೆದಿದ್ದರೆ ಸಾಕಿತ್ತು. ಯಾರೂ ಹತ್ತಬಾರದು ಎಂದು ಬರೆದೆ. ಹಾಗೆ ಬರೆದರೆ ಅಚ್ಚುಕಟ್ಟಾಗಿ ಕಾಣುತ್ತದೆ ಎನ್ನಿಸಿತ್ತು.

ಅಂಚಿನ ಮೆಟ್ಟಿಲುಗಳು ನಲವತ್ತಾರು. ಆಕೆ ದಿನಕ್ಕೆ ಎಷ್ಟು ಸಲ ಹತ್ತುತ್ತಿದ್ದಳೋ ನಾನು ಎಣಿಸಲಿಲ್ಲ. ಪ್ರತಿ ತಂಡ ಜಾರಿ ಮುಗಿದ ಮೇಲೆ ಹಿಮದಲ್ಲಿ ಗಾಡಿ ಜಾಡಿನಂಥ ಗುಂಡಿ ಬೀಳುತ್ತದೆ. ಮೇಲಿನಿಂದ ಕೆಳಗಿನವರೆಗೆ ಕೆರೆದು ಮುಚ್ಚಬೇಕು. ಕೆರೆಯುವುದು ಇಳಿಯುವಾಗ ಮಾತ್ರ. ಹಾಗಾಗಿ ಪ್ರತಿ ಸಲ ಮತ್ತೆ ಹತ್ತಬೇಕು. ಆಕೆಗೆ ಐವತ್ತರ ಹತ್ತಿರ ವಯಸ್ಸು, ಬಲಮೊಣಕಾಲು ನೋವು. ಇಪ್ಪತ್ತನೆಯ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತು, ಮೊಣಕಾಲನ್ನು ಕೈಯಿಂದ ಒಮ್ಮೆ ತಟ್ಟಿ, ಎತ್ತಿಗೆ ಹೇಳುವ ಹಾಗೆ "ಹ್ಞೂಂ, ನಡೀ" ಅನ್ನುತ್ತಿದ್ದಳು. ಪಕ್ಕದಲ್ಲೇ ಬೆಲ್ಟ್ ಖಾಲಿ ಓಡುತ್ತಿರುತ್ತಿತ್ತು.

ಬೆಲ್ಟಿನ ಸ್ವಿಚ್ ಹತ್ತಿರ ಕೂರುತ್ತಿದ್ದ ಗೌಡರು ಅದೇ ಊರಿನವರು. ಬಾಡಿಗೆ ಮನೆಗಳಿವೆ, ಕೂತು ಉಣ್ಣಬಹುದು. ಆದರೂ ಬೇಸರಕ್ಕೆ ಬಂದು ಸ್ವಿಚ್ ಒತ್ತುತ್ತಿದ್ದರು. ಒಂದು ದಿನ ನನ್ನೆದುರೇ ಆಕೆಗೆ ಹೇಳಿದರು: "ಅಲ್ಲ ಕಣಮ್ಮ, ಈ ಜಾಗ ಮೊದ್ಲು ನಮ್ ರಾಗಿ ಒಲ. ನಾನೇಳ್ತೀನಿ, ಬೆಲ್ಟ್ ಅತ್ತು. ಇಂಗೆ ಕಾಲೆಳ್ಕೊಂಡು ಎಷ್ಟು ದಿನ ಅತ್ತೀಯೆ?"

ಆಕೆ ನನ್ನ ಕಡೆ ನೋಡಿ ನಕ್ಕಳು. "ಗೌಡ್ರ, ಹೊಲ ನಿಮ್ದು ಇರಬಹುದು. ಗುಡ್ಡಾ ನಮ್ದು. ಇದರ ಕಾಂಕ್ರೀಟು ನಾನ ಹೊತ್ತೀನಿ. ಆವಾಗೂ ಬೆಲ್ಟ್ ಇರಲಿಲ್ಲ."

ನಿಜ. ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದವಳು ಆಕೆ. ಈ ಮಾಲ್ ಕಟ್ಟುವಾಗ ಇಳಿಜಾರಿನ ಮೇಲೆ ಬಾಂಡ್ಲಿ ಹೊತ್ತವಳು. ಕಟ್ಟಡ ಮುಗಿದ ಮೇಲೆ ಉಳಿದವರೆಲ್ಲ ಮುಂದಿನ ಕಟ್ಟಡಕ್ಕೆ ಹೋದರು. ಆಕೆ ಒಳಗೇ ಉಳಿದುಕೊಂಡಳು.

ಆಕೆಯ ಮುಷ್ಟಿಯನ್ನು ನಾನು ನಂಬಿದ್ದು ತಡವಾಗಿ. ನನ್ನ ಬಳಿ ಥರ್ಮಾಮೀಟರ್ ಇತ್ತು. ಮೈನಸ್ ನಾಲ್ಕಕ್ಕಿಂತ ಕೆಳಗಿದ್ದರೆ ಇಳಿಜಾರು ತೆರೆಯಬಹುದು ಎಂದು ಕಂಪನಿಯ ಕೈಪಿಡಿಯಲ್ಲೇ ಇತ್ತು. ಒಂದು ಬೆಳಿಗ್ಗೆ ಆಕೆ "ನುಚ್ಚು ಐತಿ, ನಿಧಾನ ಬಿಡ್ರಿ" ಎಂದಳು. ಥರ್ಮಾಮೀಟರ್ ಮೈನಸ್ ಐದು ತೋರಿಸುತ್ತಿತ್ತು. "ಅಳತೆ ಸರಿ ಇದೆ" ಎಂದೆ. ಮೊದಲ ಟ್ಯೂಬ್, ವೇಗ ತಡೆಯಲು ಬುಡದಲ್ಲಿ ಹಾಸಿದ್ದ ಮ್ಯಾಟ್ ದಾಟಿ ಎರಡು ಮಾರು ಮುಂದೆ ಹೋಗಿ ನಿಂತಿತು. ಕೂತಿದ್ದವರಿಗೆ ಅದು ಮಜಾ. ನನಗಲ್ಲ.

ಆಮೇಲೆ ಆಕೆ ನನಗೆ ಹೇಳಿಕೊಟ್ಟಳು, ಹಿಮದ ಮುಂದೆ ಕುಕ್ಕರಗಾಲಲ್ಲಿ ಕೂತು. "ಜ್ವಾಳದ ಹಿಟ್ಟಿಗೆ ಜಿಗಿ ಇರಬೇಕ್ರಿ, ಇಲ್ಲಂದ್ರ ರೊಟ್ಟಿ ಬಡಿಯೂವಾಗ ಅಂಚು ಸೀಳತೈತಿ. ಇದಕ್ಕೂ ಹಂಗ. ಹಿಂಡಿದ್ರ ಉಂಡಿ ಆಗಬೇಕು, ಬೆರಳು ತಾಗಿಸಿದ್ರ ಉದುರಬೇಕು. ಅದು ಹಿಟ್ಟು. ಉಂಡಿನ ಆಗಲಿಲ್ಲಂದ್ರ ನುಚ್ಚು. ಹಿಂಡಾಕ ಬರಲಿಲ್ಲಂದ್ರ ಕಲ್ಲು, ಬಾಗಲಾ ಮುಚ್ಚರಿ." ಜನರ ಉಸಿರಿನ ಸೆಕೆಗೆ ಮೇಲ್ಪದರ ಕರಗಿ ಮತ್ತೆ ಹೆಪ್ಪುಗಟ್ಟುತ್ತದೆ, ಗಾಳಿ ಅಳೆಯುವ ಥರ್ಮಾಮೀಟರಿಗೆ ಅದು ತಿಳಿಯುವುದಿಲ್ಲ. ಅಂದಿನಿಂದ ಬೋರ್ಡಿನಲ್ಲಿ ನನ್ನ ಅಂಕಿಯ ಪಕ್ಕ ಆಕೆಯ ಪದವೂ ಬಂತು.

ಆಕೆಗೆ ನಾಲಿಗೆ ಚುರುಕು. ಮನಾಲಿಗೆ ಹೋಗಿಬಂದಿದ್ದ ಒಬ್ಬ ಯುವಕ ಆಕೆಗೆ ಕೇಳಿಸುವ ಹಾಗೆಯೇ ಗೆಳೆಯರಿಗೆ ಹೇಳುತ್ತಿದ್ದ: "ಇದೆಲ್ಲ ಡೂಪ್ಲಿಕೇಟ್ ಮಚ್ಚಾ. ಅಲ್ಲಿ ಸ್ನೋ ಸಕ್ಕತ್ತಾಗಿರತ್ತೆ." ಆಕೆ ರೇಕ್ ನಿಲ್ಲಿಸಿ ಕೇಳಿದಳು: "ಅಲ್ಲಿ ನೀವು ತುಳಿದು ಹ್ವಾದ ಮ್ಯಾಲ ಯಾರು ಕೆರೀತಾರ್ರಿ ಅಣ್ಣಾರ?" "ಯಾರೂ ಇಲ್ಲ" ಎಂದ ಆತ. "ಹಂಗಂದ್ರ ಅದ ಡೂಪ್ಲಿಕೇಟ್" ಎಂದು ಕೆಲಸ ಮುಂದುವರಿಸಿದಳು.

ಇನ್ನೊಂದು ಸಂಗತಿ. ಹಿಮದ ಹಾಲ್‌ಗೂ ಹೊರಗಿನ ಕಾರಿಡಾರ್‌ಗೂ ನಡುವೆ ಒಂದು ಚಿಕ್ಕ ಕೋಣೆಯಿದೆ. ಚಳಿಯಿಂದ ನೇರ ಸೆಕೆಗೆ ಬಂದರೆ ತಲೆ ಸಿಡಿಯುತ್ತದೆ ಎಂದು ಆಕೆ ಊಟಕ್ಕೆ ಹೊರಡುವಾಗ ಅಲ್ಲಿ ಐದು ನಿಮಿಷ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಮ್ಯಾನೇಜರ್ ಆ ಐದು ನಿಮಿಷವನ್ನು ಊಟದ ಅರ್ಧ ಗಂಟೆಯೊಳಗೇ ಸೇರಿಸಿದ. ನಾನು ಅದನ್ನು ವೇಳಾಪಟ್ಟಿಯಲ್ಲಿ ಟೈಪ್ ಮಾಡಿ ಅಂಟಿಸಿದೆ. ಹೌದು, ನಾನೇ.

ಈಗ ಆ ಶನಿವಾರಕ್ಕೆ ಬರುತ್ತೇನೆ.

ಬೆಳಗಿನ ಜಾವ ಕರೆಂಟ್ ಹೋಗಿ, ಜನರೇಟರ್ ತಡವಾಗಿ ಶುರುವಾಗಿತ್ತು. ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಅದರ ಮೇಲೆ ಯಂತ್ರದವರು ಎರಡು ಬೆರಳು ದಪ್ಪ ಹೊಸ ಹಿಮ ಊದಿ ಮುಚ್ಚಿದ್ದರು. ನೋಡಲು ಮಲ್ಲಿಗೆಯ ರಾಶಿ. ಥರ್ಮಾಮೀಟರ್ ಮೈನಸ್ ಐದು. ಆಕೆ ಮೊದಲ ಹಿಡಿ ತೆಗೆದು ಎಸೆದಳು, ಮೊಣಕೈವರೆಗೆ ಒಳಗೆ ಕೈಯಿಡಲು ನೋಡಿದಳು, ಉಗುರು ಮುರಿಯಿತು. "ಮ್ಯಾಲ ಹಿಟ್ಟು, ಬುಡಕ್ಕ ಕಲ್ಲು. ಇವತ್ತ ಬ್ಯಾಡ್ರಿ ಬಾಯಾರ." ನಾನು ಬೋರ್ಡಿನಲ್ಲಿ 'ಕಲ್ಲು' ಎಂದು ಬರೆದು, ಇಳಿಜಾರು ಬಂದ್ ಎಂದು ಸೇರಿಸಿದೆ.

ಅಂದು ಒಂದು ದೊಡ್ಡ ಕಂಪನಿಯವರು ತಮ್ಮ ಉದ್ಯೋಗಿಗಳ ಕುಟುಂಬಗಳಿಗಾಗಿ ಇಡೀ ಹಾಲ್ ಬುಕ್ ಮಾಡಿದ್ದರು. ಮ್ಯಾನೇಜರ್ ನನ್ನನ್ನು ಮೇಲಿನ ಗಾಜಿನ ಕ್ಯಾಬಿನ್‌ಗೆ ಕರೆಸಿದ. ನನ್ನ ಮಗನ ವಯಸ್ಸು, ಕೆಟ್ಟ ಹುಡುಗನಲ್ಲ ಎಂದು ಆವರೆಗೆ ಅಂದುಕೊಂಡಿದ್ದೆ.

"ಮೇಡಂ, ಟೆಂಪರೇಚರ್ ಎಷ್ಟಿದೆ?"

"ಮೈನಸ್ ಐದು."

"ಮ್ಯಾನುಯಲ್‌ನಲ್ಲಿ ಎಷ್ಟಿರ್ಬೇಕು ಅಂತಿದೆ?"

"ನಾಲ್ಕು. ಆದರೆ ತಳ ಗಟ್ಟಿಯಾಗಿದೆ. ಆಕೆ ನೋಡಿದ್ದಾಳೆ."

"ಅಯ್ಯೋ ಮೇಡಂ, ರೊಟ್ಟಿ ಹಿಟ್ಟು ನಾದೋ ಅಕ್ಕ ಹೇಳಿದ್ರು ಅಂತ ನಾನು ಸ್ಲೋಪ್ ಕ್ಲೋಸ್ ಮಾಡ್ಲಾ? ಆ ಜನಕ್ಕೆ ಏನಂತ ಹೇಳ್ಲಿ? ಕಲ್ಲು ಅಂತನಾ?" ಆತ ನಕ್ಕ. "ಬೋರ್ಡ್ ಚೇಂಜ್ ಮಾಡ್ಸಿದೀನಿ. ನೀವು ಟೆನ್ಷನ್ ತಗೋಬೇಡಿ."

ಗಾಜಿನಿಂದ ಕೆಳಗೆ ನೋಡಿದೆ. ಬೋರ್ಡ್ ಒರೆಸಿ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ 'ಸೂಪರ್ ಪೌಡರ್', ಅಂದರೆ ಹಿಟ್ಟಿನಂಥ ಹಿಮ, ಎಂದು ಬರೆದಿತ್ತು. ಬೆಲ್ಟ್ ಓಡುತ್ತಿತ್ತು. ಮೇಲೆ ಆಗಲೇ ಒಬ್ಬ ತಂದೆ ನಾಲ್ಕೈದು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಟ್ಯೂಬಿನಲ್ಲಿ ಕೂತಿದ್ದ. ತಳ್ಳುವವನು ಬೆನ್ನ ಹಿಂದೆ ನಿಂತಿದ್ದ. ಆಕೆ ಕೆಳಗಿದ್ದಳು. ಬೋರ್ಡ್ ನೋಡಿದಳು, ಮೇಲೆ ನೋಡಿದಳು, ನಲವತ್ತಾರು ಮೆಟ್ಟಿಲು ನೋಡಿದಳು. ರೇಕನ್ನು ನೆಲಕ್ಕೆ ಬಿಟ್ಟು ಬೆಲ್ಟಿಗೆ ಹಾರಿದಳು.

ಸಾಲಿನಲ್ಲಿದ್ದವರು ಕೂಗಿದರಂತೆ: "ರೀ, ಲೈನಲ್ಲಿ ಬನ್ರೀ!" ಆಕೆ ನಿಲ್ಲಲಿಲ್ಲ, ಓಡುವ ಬೆಲ್ಟಿನ ಮೇಲೆ ತಾನೂ ಓಡಿದಳು, ಆ ಮೊಣಕಾಲಲ್ಲಿ. ಮೇಲೆ ಹೋದವಳೇ ಟ್ಯೂಬಿನ ಮುಂದೆ, ಜಾರುವ ದಾರಿಗೆ ಅಡ್ಡಲಾಗಿ ಕೂತುಬಿಟ್ಟಳು. ತಂದೆ ರೇಗಿದ. ತಳ್ಳುವವನು ತೋಳು ಹಿಡಿದೆಳೆದ. ಗಾಜಿನ ಆಚೆಯಿಂದ ಅವರ ಮಾತು ಕೇಳಲಿಲ್ಲ. ಗೌಡರು ಬೆಲ್ಟ್ ನಿಲ್ಲಿಸಿದ್ದು ಕಂಡಿತು. ಆಗ ಆಕೆ ಪಕ್ಕದಲ್ಲಿದ್ದ ಒಂದು ಖಾಲಿ ಟ್ಯೂಬ್ ಎಳೆದು ಕಾಲಿಂದ ಒದ್ದಳು.

ಅದು ಜಾರಲಿಲ್ಲ, ಹಾರಿತು. ಹೊಸ ಹಿಮ ಎರಡೂ ಬದಿಗೆ ಸೀಳಿ, ಒಳಗಿನ ನೀಲಿ ಮಂಜುಗಡ್ಡೆ ಹೊಳೆಯಿತು. ಟ್ಯೂಬ್ ಬುಡದ ಮ್ಯಾಟ್ ದಾಟಿ, ಹಿಮದ ಅಡ್ಡಗಟ್ಟೆ ಹಾರಿ, ಫೋಟೊ ತೆಗೆಸಿಕೊಳ್ಳಲು ನಿಲ್ಲಿಸಿದ್ದ ಹಿಮಕರಡಿಗೆ ಬಡಿಯಿತು. ಪ್ಲಾಸ್ಟರಿನ ಕರಡಿಯ ತಲೆ ಕಳಚಿ ಗೋಡೆಯವರೆಗೆ ಉರುಳಿತು. ಮೇಲೆ ಆ ತಂದೆ ಮಗಳನ್ನೆತ್ತಿಕೊಂಡು ಟ್ಯೂಬಿನಿಂದ ಎದ್ದು ನಿಂತ.

ಮ್ಯಾನೇಜರ್ ನನ್ನ ಪಕ್ಕದಲ್ಲೇ ಇದ್ದ. ಅವನ ಬಾಯಿಂದ ಬಂದ ಮೊದಲ ಮಾತು: "ಕರಡಿ ಹೋಯ್ತು."

ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಇಂಗ್ಲಿಷ್ ಕಾಗದವಿತ್ತು. ಏಳನೆಯ ನಿಯಮ ಉಲ್ಲಂಘಿಸಿ, ಸ್ವಂತ ಮೋಜಿಗಾಗಿ, ಟಿಕೆಟ್ ಇಲ್ಲದೆ ಬೆಲ್ಟ್ ಬಳಸಿದ್ದಕ್ಕೆ ಮತ್ತು ಆಸ್ತಿ ಹಾಳು ಮಾಡಿದ್ದಕ್ಕೆ ಕೆಲಸದಿಂದ ತೆಗೆಯಲಾಗಿದೆ ಎಂದಿತ್ತು. ಕೆಳಗೆ ನನ್ನ ಸಹಿಗೆ ಜಾಗ.

"ಇದು ಸರಿಯಲ್ಲ" ಎಂದು ಮ್ಯಾನೇಜರ್‌ಗೆ ಹೇಳಿದೆ.

"ರೂಲ್ ನಿಮ್ದೇ ಅಲ್ವಾ ಮೇಡಂ? ಟಿಕೆಟ್ ಇತ್ತಾ ಅವ್ರ ಹತ್ರ?"

"ಇರಲಿಲ್ಲ."

"ಬೆಲ್ಟ್ ಹತ್ತಿದ್ರಾ?"

"ಹತ್ತಿದಳು."

"ಮತ್ತೆ?"

'ಸ್ವಂತ ಮೋಜಿಗಾಗಿ' ಎಂಬಲ್ಲಿ ನನ್ನ ಪೆನ್ನು ನಿಂತಿತು. ನಾನು ಅದನ್ನು ಓದಲಿಲ್ಲ ಎಂದು ಯಾರಿಗೂ ಹೇಳುವಂತಿಲ್ಲ, ಓದಿದೆ. ಉಳಿದದ್ದೆಲ್ಲ ಅಳತೆಗೆ ಸರಿಯಾಗಿತ್ತು. ಮೂವತ್ತನಾಲ್ಕು ವರ್ಷ ಅಳತೆ ಸರಿಯಿದ್ದಾಗಲೆಲ್ಲ ಸಹಿ ಹಾಕಿದ ಕೈ, ಅಂದೂ ಹಾಕಿತು. ಅವನ ಮೇಲಿನ ಸಿಟ್ಟು ಯಾವತ್ತಾದರೂ ಇಳಿದೀತು. ಈ ಕೈಯ ಮೇಲಿನದ್ದು ಇಳಿದಿಲ್ಲ.

ಆಕೆ ಜಾಕೆಟ್ಟು, ಬೂಟು, ಗ್ಲೌಸ್ ಮಡಿಸಿ ಕೌಂಟರ್ ಮೇಲಿಟ್ಟಳು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ನನ್ನ ಹತ್ತಿರ ಬಂದು ಹೇಳಿದಳು: "ಬೆಲ್ಟ್ ಚಲೋ ಐತ್ರಿ ಬಾಯಾರ. ಒಮ್ಮೆರ ಹತ್ತಿದೆ. ಮೊಣಕಾಲಿಗೆ ಗೊತ್ತ ಆಗೂದಿಲ್ಲ." ಹೋದಳು. ಆ ಮಾತನ್ನು ನಾನು ಎಷ್ಟೋ ರೀತಿಯಲ್ಲಿ ತಿರುಗಿಸಿ ನೋಡಿದ್ದೇನೆ. ಯಾವ ಕಡೆಯಿಂದ ಹಿಡಿದರೂ ಕೈಗೆ ಚುಚ್ಚುತ್ತದೆ.

ಆಕೆ ಹೋದ ಮೇಲೂ ಮೂರು ತಿಂಗಳು ಅಲ್ಲೇ ಕೆಲಸ ಮಾಡಿದೆ. ಇದನ್ನೂ ಮುಚ್ಚಿಡುವುದಿಲ್ಲ. ಬೆಳಿಗ್ಗೆ ಥರ್ಮಾಮೀಟರ್ ನೋಡಿ ಅಂಕಿ ಬರೆಯುತ್ತಿದ್ದೆ. ಸಂಶಯ ಬಂದರೆ ಆಕೆ ಮಾಡುತ್ತಿದ್ದಂತೆ ಹಿಂಡಿ ನೋಡುತ್ತಿದ್ದೆ, ಏನೂ ತಿಳಿಯುತ್ತಿರಲಿಲ್ಲ. ಹೊಸ ಕರಡಿ ಬಂತು. ಆಮೇಲೆ ಒಂದು ದಿನ ಆಡಳಿತದವರು ಸಿಬ್ಬಂದಿಯನ್ನೆಲ್ಲ ಸೇರಿಸಿ ನನಗೆ ಶಾಲು ಹೊದಿಸಿದರು. ವರ್ಷವಿಡೀ ಒಂದೂ ಅಪಘಾತವಿಲ್ಲ, ಮೇಡಂ ಅವರ ಶಿಸ್ತೇ ಕಾರಣ ಎಂದು ಮ್ಯಾನೇಜರ್ ಮೈಕಿನಲ್ಲಿ ಹೇಳಿದ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಗೌಡರು ಮಾತ್ರ ಕೈಕಟ್ಟಿ ಕೂತಿದ್ದರು. ಮುಗಿದ ಮೇಲೆ ನನ್ನ ಹತ್ತಿರ ಬಂದು ಅಂದರು: "ಶಾಲು ಬೆಚ್ಗದಾ ಮೇಡಂ? ಆಯಮ್ಮ ನಮ್ಮನೆ ಇಂದ್ಗಡೆ ಶೆಡ್‌ನಾಗೇ ಅವ್ಳೆ. ಓಗ್ ಒಂದ್ಸಲ ತೋರ್ಸಿ ಬನ್ನಿ."

ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಹೋದೆ. ಸಾಲು ಕೋಣೆಗಳ ಕೊನೆಯದರ ಮುಂದೆ ಆಕೆ ಕೂತು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಮತ್ತೆ ಗಾರೆ ಕೆಲಸ, ಮತ್ತೆ ಬಾಂಡ್ಲಿ. ಬೊಮ್ಮನಹಳ್ಳಿ ಹತ್ತಿರ ತರಕಾರಿ, ಹಣ್ಣು ಇಡುವ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಚಳಿಗೆ ಒಗ್ಗಿದ ಜನ ಬೇಕೆಂದು ಕೇಳಿ ಹೋಗಿದ್ದಳಂತೆ. ಹಳೆಯ ಕೆಲಸದ ಕಾಗದ ಕೇಳಿದರಂತೆ. ಇಂಗ್ಲಿಷ್ ಓದಲು ಬಾರದ ಆಕೆ ನಾನು ಸಹಿ ಹಾಕಿದ ಆ ಕಾಗದವನ್ನೇ ಕೊಟ್ಟಿದ್ದಳು. ಅವರು ಓದಿ ಹೇಳಿದ ಮೇಲೆಯೇ ಅದರಲ್ಲಿ ಏನಿದೆ ಎಂದು ಆಕೆಗೆ ತಿಳಿದದ್ದು.

"ತಪ್ಪಾಯಿತು" ಎಂದೆ.

"ಹೌದ್ರಿ, ಆತು." ಎಣ್ಣೆ ತಿಕ್ಕುವುದು ನಿಲ್ಲಲಿಲ್ಲ. "ಕರಡಿ ಒಡದೀನಿ, ಬರೀಲಿ. ಟಿಕೀಟ್ ಇರಲಿಲ್ಲ, ಬರೀಲಿ. ಮೋಜಿಗೆ ಹತ್ತೀನಿ ಅಂತ ಬರದಾರಲ್ರಿ, ಅದನ್ನ ತಗಸ್ರಿ. ನನ್ನ ಜೀವಮಾನದಾಗ ನಾ ಮೋಜಿಗೆ ಏನೂ ಹತ್ತಿಲ್ಲ."

ಮರುದಿನ ಮ್ಯಾನೇಜರನ್ನು ಕೇಳಿದೆ. ಕೊಟ್ಟ ಕಾಗದ ತಿದ್ದುವುದಕ್ಕೆ ಬರುವುದಿಲ್ಲ, ಅದು ಸಿಸ್ಟಮ್‌ನಲ್ಲಿ ಸೇರಿಹೋಗಿದೆ ಎಂದ. ನನ್ನ ರಾಜೀನಾಮೆಯನ್ನು ಅದೇ ಸಿಸ್ಟಮ್‌ಗೆ ಸೇರಿಸಲು ಹೇಳಿ, ಬೆಲ್ಟಿನ ಪಕ್ಕದ ನಿಯಮಗಳ ಹಲಗೆಯನ್ನು ಮೊಳೆಯಿಂದ ಕಿತ್ತು ಕಂಕುಳಲ್ಲಿಟ್ಟುಕೊಂಡು ಹೊರಬಂದೆ. ಅದು ನನ್ನದು, ನಾನು ಬರೆದದ್ದು.

ಈ ವಾರ ಆಕೆಯನ್ನು ಕರೆದುಕೊಂಡು ಆ ಕೋಲ್ಡ್ ಸ್ಟೋರೇಜ್‌ಗೆ ಹೋದೆ. ಅಲ್ಲಿನ ಅಧಿಕಾರಿ ಕಾಗದ ನೋಡಿ ಕೇಳಿದ: "ಇದ್ರಲ್ಲಿ ಇರೋದು ಸುಳ್ಳಾ ಮೇಡಂ?"

"ಸುಳ್ಳು."

"ನೀವ್ಯಾರು?"

"ಕೆಳಗಿರುವ ಸಹಿ ನನ್ನದು."

ಆತ ಕಾಗದವನ್ನು ಮೇಜಿನ ಮೇಲಿಟ್ಟ. "ಬಾಯಲ್ಲಿ ಹೇಳಿದ್ರೆ ಆಗಲ್ಲ. ನಡೆದದ್ದೇನು, ಇವ್ರು ಎಂಥೋರು ಅಂತ ಬರೆದು ಸೈನ್ ಮಾಡಿ ಕೊಡಿ. ಅರ್ಧ ಪೇಜ್ ಸಾಕು. ನಾನು ನೋಡ್ತೀನಿ."

ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಬರೆದೆ. ಅರ್ಧ ಪುಟದಲ್ಲಿ ಆಕೆಯ ಹೆಸರಿದೆ, ಊರಿದೆ, ಆ ಶನಿವಾರದ ಸಂಗತಿಯಿದೆ. ಅದರಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ, ಹೆಸರು ಬಿಟ್ಟು. ಒಮ್ಮೆ ಕಾಗದದ ಮೇಲೆ ಬಂದು ಪಟ್ಟದ್ದು ಸಾಕು ಎಂದು ಆಕೆಯೇ ಹೇಳಿದಳು.

ಸಹಿ ಮಾಡುವ ಮೊದಲು ಪೂರ್ತಿ ಓದಿ ಹೇಳಬೇಕೆಂದು ಆಕೆ ಹಟ ಹಿಡಿದಳು. ಓದಿದೆ. ಕೊನೆಯ ಸಾಲು, ಇಂಥ ಪತ್ರಗಳಲ್ಲಿ ನಾನು ಯಾವಾಗಲೂ ಬರೆಯುತ್ತಿದ್ದ ಸಾಲು: 'ಈಕೆ ಪ್ರಾಮಾಣಿಕಳು, ಶ್ರಮಜೀವಿ ಹಾಗೂ ವಿಧೇಯಳು.'

"ವಿಧೇಯ ಅಂದ್ರ ಏನ್ರಿ?"

"ಮೇಲಿನವರು ಹೇಳಿದ ಹಾಗೆ ನಡೆಯುವವಳು."

ಆಕೆ ಆ ಪದ ಎಲ್ಲಿದೆ ಎಂದು ಕೇಳಿ ಅದರ ಮೇಲೆ ಬೆರಳಿಟ್ಟಳು. "ಅದಕ್ಕ ಗೀಟು ಹೊಡೀರಿ."

ಹೊಡೆದೆ. ಆಮೇಲೆ ಸಹಿ ಮಾಡಿದೆ.